ಡೋಣಿ ಇಳಿಜಾರಿನಲ್ಲಿ ಎರಡೂ ಬ್ರೇಕು

ಶಫೀಕನ ಸೈಕಲ್ಲಿಗೆ ಹೆಚ್ಚೇನೂ ಆಗಿರಲಿಲ್ಲ.

ಕಪ್ಪತಗುಡ್ಡದಿಂದ ಡೋಣಿಗೆ ಇಳಿಯುವ ರಸ್ತೆಯ ಕೊನೆಯ ತಿರುವಿನಲ್ಲಿ ಅದು ಜಾಲಿಕಂಟಿಗೆ ಸಿಕ್ಕಿಕೊಂಡು ನಿಂತಿತ್ತು. ಶಫೀಕ ಅದರಾಚೆ ಕಲ್ಲುಗಳ ನಡುವೆ ಬಿದ್ದಿದ್ದ. ಗಾಳಿಯಂತ್ರದ ಕೆಲಸಕ್ಕೆ ಹೊರಟಿದ್ದ ಲಾರಿಯವರು ನೋಡುವಷ್ಟರಲ್ಲಿ ಉಸಿರು ನಿಂತಿತ್ತು.

ಪಿ.ಎಸ್.ಐ. ಕಾವೇರಿ ರಸ್ತೆಯುದ್ದಕ್ಕೂ ಹಿಂದೆ ಮುಂದೆ ನಡೆದಳು. ಟೈರು ಉಜ್ಜಿದ ಗುರುತು ಎಲ್ಲೂ ಇಲ್ಲ. ಬ್ರೇಕು ಹಿಡಿಯಲೇ ಇಲ್ಲವೆ? ಆದರೆ ಅವನ ಎರಡೂ ಕೈಗಳ ಬೆರಳುಗಳ ಒಳಬದಿಗೆ ಬ್ರೇಕಿನ ಹಿಡಿ ಒತ್ತಿದ ಗೆರೆ ಮೂಡಿತ್ತು. ಹಿಡಿದಿದ್ದ. ಕೊನೆಯವರೆಗೂ ಬಿಟ್ಟಿರಲಿಲ್ಲ.

ಒಂದು ಬ್ರೇಕು ಕೈಕೊಡುವುದುಂಟು. ಎರಡೂ ಒಟ್ಟಿಗೆ?

ಬೆಟಗೇರಿಯ ಮನೆಯಲ್ಲಿ ಈಗ ಉಳಿದವರು ಇಬ್ಬರು. ತಾಯಿ ಅಖ್ತರಿ, ಹೆಂಡತಿ ಫರ್ಹಾನಾ. ಫರ್ಹಾನಾ ಗಂಡ ತೀರಿದ ಮೇಲಿನ ಇದ್ದತ್ತಿನಲ್ಲಿದ್ದಳು, ಆ ದಿನಗಳು ಮುಗಿಯುವವರೆಗೆ ಹೊಸ್ತಿಲು ದಾಟುವಂತಿರಲಿಲ್ಲ. ಪರದೆಯ ಪಕ್ಕದಲ್ಲಿ ಗೋಡೆಗೆ ಒರಗಿ ಕೂತು ಮಾತಾಡಿದಳು. ಅಳುತ್ತಿರಲಿಲ್ಲ.

"ರಿಮ್ ಬ್ರೇಕ್ ಇದ್ದಾಗ ಒಂದಿನ ಬಿದ್ದವರಲ್ಲರಿ. ಸೈಕಲ್ ಅಂಗಡಿ ಹೊನ್ನೇಶ ಈ ಡಿಸ್ಕ್ ಬ್ರೇಕ್ ಹಾಕಿದ ಮ್ಯಾಲೆ ಹಿಂಗಾತು. ಅವನ ಮಾಡ್ಯಾನೋ, ಬ್ಯಾರೆ ಯಾರರೆ ಮಾಡ್ಯಾರೋ — ನಾ ಹೊರಗ ಹೋಗಿ ಕೇಳೂ ಹಂಗಿಲ್ಲ. ನೀವು ಕೇಳ್ರಿ. ಯಾರಂತ ಹೇಳ್ರಿ. ಅಷ್ಟ ಸಾಕು ನನಗ."

"ಹೇಳ್ತೀನಿ."

"ಖರೆ ಹೇಳ್ತೀರಿ?"

"ಖರೆ."

ಅಂಗಳದಲ್ಲಿ ಕಾವೇರಿ ತನ್ನ ಬೈಕು ಹತ್ತುವಾಗ ಅಖ್ತರಿ ಒಂದು ಹಿತ್ತಾಳೆ ಬಟ್ಟಲು ಹಿಡಿದು ಹಿಂದೆಯೇ ಬಂದಳು. ಬೆರಳು ಅದ್ದಿ ಬೈಕಿನ ಎರಡೂ ಗಾಲಿಗಳ ನಡುವಿಗೆ ಮುಟ್ಟಿಸಿ, ತುಟಿಯಲ್ಲೇ ಏನೋ ಓದಿಕೊಂಡಳು.

"ದರ್ಗಾದ ದೀಪದ ಎಣ್ಣಿ, ಬೇಟಿ. ನಮ್ಮ ಮನಿಯವ್ರು ಟಾಂಗಾ ಹೊಡಿತಿದ್ರು. ಅಚ್ಚಿಗೆ ಇದನ್ನ ಮುಟ್ಟಿಸಲಾರದ ಸ್ಟೇಷನ್ನಿಗೆ ಹೋದವರಲ್ಲ. ಗಾಲಿ ಮ್ಯಾಲೆ ತಿರಗಾಡು ಜೀವ ನಿಂದೂ. ಹೋಗಿ ಬಾ."

ಮಗ ಹೋದ ಮನೆಯಲ್ಲಿ ಆ ಮಾತು ಕೇಳಿ ಕಾವೇರಿ ತಲೆ ಎತ್ತಲಾರದೆ ಹೊರಟಳು. ರೈಲ್ವೆ ಗೇಟಿನ ಹತ್ತಿರ ಮುಂದಿನ ಬ್ರೇಕು ಕಿರ್ರೆಂದು ಜಾರಿತು. ಹಿಂದಿನ ಡ್ರಮ್ ಬ್ರೇಕು ಹಿಡಿಯಿತು, ನಿಂತಳು. ಧೂಳು ಕೂತಿರಬೇಕು ಅಂದುಕೊಂಡಳು.

ಮರುದಿನ ಠಾಣೆಯಲ್ಲಿ ಶಫೀಕನ ಸೈಕಲ್ಲನ್ನು ಬೆಂಚಿನ ಮೇಲೆ ಮಲಗಿಸಿದ್ದರು. ಅದರ ಒಂದು ಬದಿಗೆ ಬ್ರೇಕು ಹಾಕಿದ ಹೊನ್ನೇಶ. ಇನ್ನೊಂದು ಬದಿಗೆ ಶಫೀಕನಿದ್ದ ಜಿಲ್ಲಾ ಸೈಕಲ್ ತಂಡದ ಹುಡುಗರಿಗೆ ಸವಾರಿ ಕಲಿಸುವ ತಿರಕಪ್ಪ — ಹಳೆಯ ಸ್ಪರ್ಧಿ, ರಿಮ್ ಬ್ರೇಕಿನ ಕಟ್ಟಾ ಪಕ್ಷ. ಹಿಂದಿನ ದಿನವೇ ಯಾರೋ ಹೊನ್ನೇಶನ ಅಂಗಡಿಯ ಗಾಜು ಒಡೆದಿದ್ದರು.

"ಈ ಬ್ರೇಕು ಹಾಕಿಸಿಕೊ ಅಂದವರು ಯಾರು?" ಕಾವೇರಿ ಹೊನ್ನೇಶನನ್ನು ಕೇಳಿದಳು.

"ಶಫೀಕನ ಬೇಕಂತ ಕೇಳಿದ್ನರಿ ಮೇಡಂ. ಮಳಿ ಹತ್ತಿದ್ರ ನಮ್ಮ ಎರಿ ಮಣ್ಣು ರಿಮ್ಮಿಗೆ ಮೆತ್ತಿ ರಬ್ಬರು ಹಿಡಿಯಂಗಿಲ್ಲ. ಡಿಸ್ಕಿಗೆ ಆ ತ್ರಾಸಿಲ್ಲ."

"ಆಹಾ!" ಎಂದ ತಿರಕಪ್ಪ. "ಗಾಲಿ ನಡುವ ತಾಟು ಕಟ್ಟಿ ಕಳಿಸಿದಿ, ಊಟಕ್ಕ ಹೊಂಟಾನೇನಂತ! ಲೇ ಹೊನ್ಯಾ, ರಿಮ್ ಬ್ರೇಕು ಕಣ್ಣ ಮುಂದ ಇರತೈತಿ. ರಬ್ಬರು ಸವದ್ರ ಕೊರ್ಲಹಳ್ಳಿಯಂಥ ಸಣ್ಣ ಊರಾಗೂ ಸಿಗತೈತಿ. ನಿಂದು ಕೆಟ್ಟದ್ದ ಗೊತ್ತಾಗೂದು ಗುಂಡ್ಯಾಗ ಬಿದ್ದ ಮ್ಯಾಲೆ."

"ಕಾಕಾ, 'ಈ ಡಿಸ್ಕು ಹೆಂಗ ಕೈಕೊಡತೈತಿ ಒಂದಿನ ತೋರಸ್ತೀನಿ' ಅಂತ ಎಲ್ಲಾರ ಮುಂದ ಅಂದವ್ರು ನೀವು."



"ಅಂದಿದ್ರೇನು?" ಕಾವೇರಿ ತಿರಕಪ್ಪನ ಕಡೆ ತಿರುಗಿದಳು.

"ಸಿಟ್ಟಿನಾಗ ಅಂದಿದ್ನರಿ. ನನ್ನ ಮಗನಂಗ ಇದ್ದ ಅಂವ."

ಹೊನ್ನೇಶ ಗಾಲಿ ತಿರುಗಿಸಿ ಬ್ರೇಕು ಹಿಡಿದ. ತಂತಿ ಗಟ್ಟಿ ಇತ್ತು. ಡಿಸ್ಕನ್ನು ಒತ್ತಿ ಹಿಡಿಯುವ ಪ್ಯಾಡುಗಳು ಸವೆದಿರಲಿಲ್ಲ. ಆದರೂ ಗಾಲಿ ತಿರುಗುತ್ತಲೇ ಇತ್ತು. ಪ್ಯಾಡು ಬಿಚ್ಚಿ ಒತ್ತಿ, ಬೆರಳಿಗೆ ಹತ್ತಿದ ಜಿಡ್ಡನ್ನು ನೋಡಿದ.

"ಎಣ್ಣಿ ಕುಡದೈತ್ರಿ. ಎರಡೂ ಕಡಿ. ಒಮ್ಮಿ ಕುಡದ್ರ ಎಷ್ಟ ಒರಸಿದ್ರೂ ಹೋಗಂಗಿಲ್ಲ, ಪ್ಯಾಡ ಬದಲಿ ಮಾಡಬೇಕ."

"ಊರಾಗ ಎಣ್ಣಿ ಡಬ್ಬಿ ಹಿಡಕೊಂಡು ಕುಂಡ್ರಾಂವ ಯಾರು?" ತಿರಕಪ್ಪ ಮೆಲ್ಲಗೆ ಕೇಳಿದ.

"ಚೈನಿಗೆ ಬಿಟ್ಟು ಬ್ಯಾರೆ ಕಡಿ ನಾ ಎಣ್ಣಿ ಮುಟ್ಟಿಸಂಗಿಲ್ಲ! ನಂಬ್ರಿ ಮೇಡಂ!"

ನಂಬುವುದಕ್ಕೆ ಆಧಾರವಿರಲಿಲ್ಲ. ಮರುದಿನ ಅವನನ್ನು ಬಂಧಿಸಿ ಎಂದು ಮೇಲಿನವರು ಹೇಳಿಯಾಗಿತ್ತು.

ಕಾವೇರಿ ಒಂದು ಪ್ಯಾಡನ್ನು ಎತ್ತಿಕೊಂಡು ಠಾಣೆಯ ಹಿಂದಿನ ಅಡುಗೆಮನೆಗೆ ಹೋದಳು. ಕಾದ ಹಂಚಿನ ಮೇಲೆ ಇಟ್ಟಳು. ಸಣ್ಣಗೆ ಹೊಗೆ ಎದ್ದಿತು. ಮಷೀನಿನ ಎಣ್ಣೆಯ ವಾಸನೆಯಲ್ಲ. ಅವಳು ಹುಟ್ಟಿದಾಗಿನಿಂದ ಬಲ್ಲ ವಾಸನೆ — ಅಡುಗೆಗೂ ದೀಪಕ್ಕೂ ಬಳಸುವ ಕುಸುಬಿ ಎಣ್ಣೆ.

ಸೈಕಲ್ಲಿಗೆ ಕುಸುಬಿ ಎಣ್ಣೆ ಯಾರು ಹಾಕುತ್ತಾರೆ?

ಉತ್ತರ ಹೊಳೆದಾಗ ಅವಳಿಗೆ ಗೆಲುವೆನಿಸಲಿಲ್ಲ. ಅಲ್ಲೇ ಕಟ್ಟೆಗೆ ಕೈಯೂರಿ ನಿಂತಳು. ಆಮೇಲೆ ಹೊರಗೆ ಬಂದು ತನ್ನ ಬೈಕಿನ ಮುಂದಿನ ಡಿಸ್ಕನ್ನು ಕರವಸ್ತ್ರದಿಂದ ಒರೆಸಿ ಮೂಸಿದಳು. ಅದೇ ವಾಸನೆ.

ಹೊನ್ನೇಶನ ಹೆಸರು ಹಾಗೆಯೇ ಬಿಟ್ಟರೆ ಊರು ಅವನನ್ನು ಬಿಡುವುದಿಲ್ಲ. ನಿಜ ಹೇಳಿದರೆ? ಬೇರೆ ದಾರಿ ಹುಡುಕಿದಳು. ಸಿಗಲಿಲ್ಲ.

ಮರುದಿನ ಬೆಳಿಗ್ಗೆ ಬೆಟಗೇರಿಯ ಅಂಗಳದಲ್ಲಿ ಎಲ್ಲರೂ ಕೂಡಿದರು. ಹೊನ್ನೇಶ, ತಿರಕಪ್ಪ ಬೇವಿನ ಗಿಡದ ಕೆಳಗೆ ನಿಂತರು. ಅಖ್ತರಿ ಕಟ್ಟೆಯ ಮೇಲೆ ಕೂತಳು. ಫರ್ಹಾನಾ ಪರದೆಯ ಹಿಂದೆ.

"ಯಾರರಿ?" ಒಳಗಿನಿಂದ ದನಿ ಬಂತು.

"ಕೇಡು ಬಯಸಿದವರು ಯಾರೂ ಇಲ್ಲ, ಫರ್ಹಾನಾ. ಅದನ್ನ ಮೊದಲ ಹೇಳ್ತೀನಿ. ಆಮ್ಯಾಲೆ ಬ್ಯಾಡ ಅಂದ್ರ ಅಲ್ಲಿಗೆ ಬಿಡ್ತೀನಿ."

"ಹೇಳ್ರಿ."

"ಹೊನ್ನೇಶಂದು ತಪ್ಪಿಲ್ಲ. ತಿರಕಪ್ಪಂದೂ ಇಲ್ಲ. ಪ್ಯಾಡು ಕುಡದದ್ದು ಕುಸುಬಿ ಎಣ್ಣಿ. ಮೊನ್ನಿ ನಾ ಇಲ್ಲಿಂದ ಹೋಗುವಾಗ ನನ್ನ ಬೈಕೂ ಜಾರಿತು. ನನ್ನ ಕಣ್ಣ ಮುಂದನ ನಡದಿತ್ತು, ನಾ ನೋಡಿದ್ರೂ ನೋಡಲಿಲ್ಲ. ರಿಮ್ ಬ್ರೇಕು ಗಾಲಿಯ ಅಂಚು ಹಿಡಿತೈತಿ. ನಡುವ ಎಷ್ಟ ಎಣ್ಣಿ ಮುಟ್ಟಿಸಿದ್ರೂ ಅದಕ್ಕೇನೂ ಆಗಂಗಿಲ್ಲ, ಟಾಂಗಾದ ಅಚ್ಚಿದ್ದಂಗ. ಡಿಸ್ಕು ಬಂದ ಮ್ಯಾಲೆ ಬ್ರೇಕು ನಡುವಿಗೇ ಬಂತು. ಮುಟ್ಟಿಸೂ ಕೈ ಅಲ್ಲೇ ಇತ್ತು. ನಮ್ಮ ಬಯಲು ರಸ್ತ್ಯಾಗ ಅರ್ಧ ಹಿಡಿದ್ರೂ ಸಾಲತಿತ್ತು, ಶಫೀಕಗ ಗೊತ್ತಾಗಲಿಲ್ಲ. ಡೋಣಿ ಇಳಿಜಾರಾಗ ಸಾಲಲಿಲ್ಲ."

ತಿರಕಪ್ಪ ಹೊನ್ನೇಶನ ಹೆಗಲ ಮೇಲೆ ಕೈಯಿಟ್ಟ.

"ಹೆಸರು ಹೇಳ್ರಿ," ಎಂದಳು ಫರ್ಹಾನಾ. ಅವಳಿಗೆ ಆಗಲೇ ಗೊತ್ತಾಗಿತ್ತು. ಆದರೂ ಕೇಳಿದಳು.

ಕಾವೇರಿ ಕಟ್ಟೆಯ ಕಡೆಗೆ ತಿರುಗಿದಳು. "ಅಖ್ತರಿ ಅಮ್ಮಾ, ಶಫೀಕನ ಗಾಲಿಗೆ ಎಣ್ಣಿ ಮುಟ್ಟಿಸಿದವ್ರು ನೀವು."

ಮುದುಕಿ ತನ್ನ ಬಲಗೈಯನ್ನು ನೋಡಿಕೊಂಡಳು.

"ಗುಡ್ಡಕ್ಕ ಹೊಂಟೀನಮ್ಮಾ ಅಂದ," ಎಂದಳು. "ಅದಕ್ಕ ಅವತ್ತ ಜಾಸ್ತಿ ಹಚ್ಚಿದ್ನಿ."

ಪರದೆ ಅಲುಗಲಿಲ್ಲ. ಕಾವೇರಿ ಕಾದಳು — ಒಂದು ಬೈಗುಳ, ಒಂದು ಅಳು. ಏನೂ ಬರಲಿಲ್ಲ. ಆ ಹುಡುಗಿಗೆ ಸಿಟ್ಟಿಗಾದರೂ ಒಬ್ಬ ಮನುಷ್ಯ ಬೇಕಾಗಿತ್ತು. ಕೊಟ್ಟ ಮಾತಿನಂತೆ ನಿಜ ಹೇಳಿ ತಾನು ಅದನ್ನೂ ಕಸಿದುಕೊಂಡೆ ಎಂದು ಕಾವೇರಿಗೆ ಅನ್ನಿಸಿತು.

ಅಖ್ತರಿ ಥಟ್ಟನೆ ಎದ್ದಳು.

"ಬೇಟಿ, ನಿನ್ನ ಗಾಡಿಗೂ ಹಚ್ಚೀನಲ್ಲ! ತಡಿ, ಹಂಗ ಹೋಗಬ್ಯಾಡ!"

ಸೆರಗಿನ ತುದಿ ಮುದ್ದೆ ಮಾಡಿ ಬೈಕಿನ ಮುಂದೆ ಕುಕ್ಕರಿಸಿದಳು. ಡಿಸ್ಕನ್ನು ಒರೆಸಿದಳು. ಉಗುಳು ಹಚ್ಚಿ ಒರೆಸಿದಳು. ಮತ್ತೆ ಒರೆಸಿದಳು. ಪರದೆಯ ಕೆಳಗಿನಿಂದ ಒಂದು ಕೈ ಹೊರಗೆ ಬಂದು, ಹೊಸ್ತಿಲ ಮೇಲೆ ಒಣ ಅರಿವೆಯೊಂದನ್ನು ಇಟ್ಟು ಒಳಗೆ ಹೋಯಿತು. ಹೊನ್ನೇಶ ಅದನ್ನು ತಂದುಕೊಟ್ಟ.

"ನೋಡು ಬೇಟಿ. ಹೋತೇನು?"

ಹೊನ್ನೇಶ ಕಾವೇರಿಯ ಮುಖ ನೋಡಿದ.

"ಹೋತು, ಅಮ್ಮಾ," ಎಂದಳು ಅವಳು. "ಪೂರಾ ಹೋತು."

ಓಣಿಯ ತಿರುವಿನವರೆಗೂ ಅವಳು ಬೈಕನ್ನು ತಳ್ಳಿಕೊಂಡೇ ಹೋದಳು.