ಬಿಳಿಚೋಡಿನ ಪದಕ್ಕೆ ಮಾಲೀಕ ಯಾರು?

ಕಬ್ಬಿಣದ ರಾಡು ಎಡಗೈ ಮೇಲೆ ಬಿತ್ತು. ಮೂಳೆ ಲಟಕ್ಕೆಂದದ್ದು ನನಗೇ ಕೇಳಿಸಿತು!

"ಮುದುಕ ಎಲ್ಲಿದಾನೆ ಹೇಳೋ ಅಲ್ತಾಫ್!"

ಕೇಳಿದವನು ಗುರುಬಸವರಾಜ್. ಹೊನ್ನಾಳಿ ಹೊಳೆಯ ಮರಳು ಕದಿಯುವವನು. ಚನ್ನಗಿರಿಯ ಅಡಿಕೆ ಗೋಡೌನಿನ ಹಿಂದೆ ಅವನದೊಂದು ರೆಕಾರ್ಡಿಂಗ್ ಸ್ಟುಡಿಯೋ. ಅಲ್ಲೇ ನನ್ನನ್ನು ಕುರ್ಚಿಗೆ ಕಟ್ಟಿ ಹಾಕಿದ್ದ. ಕಿರುಚಿದರೂ ಹೊರಗೆ ಕೇಳದ ರೂಮು!

ಮರಳಿಗೂ ಹಾಡಿಗೂ ಏನು ಸಂಬಂಧ ಅಂತೀರಾ? ಕೇಳಿ.

ನಾನು ಪ್ರೈವೇಟ್ ಡಿಟೆಕ್ಟಿವ್. ನನ್ನ ಕ್ಲೈಂಟು ಹೊನ್ನಾಳಿಯ ನುಜಹತ್. ಮೊಬೈಲಿನಲ್ಲೇ ನ್ಯೂಸ್ ಚಾನೆಲ್ ನಡೆಸುವ ಗಟ್ಟಿಗಿತ್ತಿ. ಇವನ ಮರಳು ಲಾರಿಗಳ ವಿಡಿಯೋ ಹಾಕಿದಳು. ಪಕ್ಕದ ಬೀದಿಯಲ್ಲಿ ಹಾಡುತ್ತಿದ್ದ ಮೊಹರಂ ಪದವೂ ಅದರಲ್ಲಿ ಸೇರಿಕೊಂಡಿತ್ತು. ಅಷ್ಟೇ ಸಾಕಾಯಿತು! ಪದ ತನ್ನ ಸ್ವಂತ ರಚನೆ, ಕಾಪಿರೈಟ್ ತನ್ನದು ಅಂತ ದೂರು ಕೊಟ್ಟು ವಿಡಿಯೋ ತೆಗೆಸಿದ. ಈಗ ಚಾನೆಲ್ಲನ್ನೇ ಮುಚ್ಚಿಸಲು ದಾವಣಗೆರೆ ಕೋರ್ಟಿಗೆ ಹೋಗಿದ್ದ. ಅವತ್ತು ಮಧ್ಯಾಹ್ನವೇ ವಿಚಾರಣೆ.

ಪದ ಕಟ್ಟಿದವರು ಬಿಳಿಚೋಡಿನ ಬಡೇಸಾಬಜ್ಜ. ನಮ್ಮ ಏಕೈಕ ಸಾಕ್ಷಿ. ಅವರನ್ನು ಬಚ್ಚಿಟ್ಟವನು ನಾನು.

"ಜಗಳೂರಾಗೆ ಅದಾರೆ..." ಅಂತ ಸುಳ್ಳು ಬಿಟ್ಟೆ.

ಅಷ್ಟರಲ್ಲಿ ಟೇಬಲ್ ಮೇಲಿದ್ದ ನನ್ನ ಫೋನು ಬಡಿದುಕೊಂಡಿತು. ಅಜ್ಜನ ಮಗಳು! ಹೆಸರಿನ ಜೊತೆ ಊರು ಸೇರಿಸಿ ನಂಬರ್ ಸೇವ್ ಮಾಡುವ ಹಾಳು ಚಟ ನನ್ನದು. ಸ್ಕ್ರೀನ್ ಮೇಲೆ ದಪ್ಪಗೆ ಬಂತು... ರುಹೀನಾ ನ್ಯಾಮತಿ!

ಮುದುಕನ ಮಗಳ ಹೆಸರು ಗೊತ್ತಿದ್ದ ಗುರುಬಸವರಾಜ್ ನಕ್ಕ. ಹುಡುಗರನ್ನು ನ್ಯಾಮತಿಗೆ ಅಟ್ಟಿದ. ತಾನು ಕೋರ್ಟಿಗೆ ಹೊರಟ. ನನ್ನ ಕತೆ ಮುಗಿಸಲು ರಘುನಾಥನನ್ನು ಬಿಟ್ಟುಹೋದ.

ರಘುನಾಥ ರಾಡು ಎತ್ತಿದ. ಕುರ್ಚಿ ಸಮೇತ ಅವನ ಹೊಟ್ಟೆಗೆ ನುಗ್ಗಿದೆ. ಗಾಜಿನ ಗೋಡೆ ಒಡೆದುಕೊಂಡು ಇಬ್ಬರೂ ಆಚೆ ಬಿದ್ದೆವು! ಗಾಜಿನ ಚೂರಿಗೆ ಹಗ್ಗ ಉಜ್ಜಿ ಬಿಡಿಸಿಕೊಂಡೆ. ಮೈಕ್ ಸ್ಟ್ಯಾಂಡಿನಿಂದ ದವಡೆಗೆ ಬಾರಿಸಿದೆ. ಅವನು ಮತ್ತೆ ಏಳಲಿಲ್ಲ.

ಗೇರಿಲ್ಲದ ಅವನ ಸ್ಕೂಟರ್ ಹತ್ತಿದೆ. ಒಂದೇ ಕೈ. ದಾರಿಯುದ್ದಕ್ಕೂ ದೇವರಿಗೂ ಬೈದೆ, ರಸ್ತೆಗೂ ಬೈದೆ.

ನ್ಯಾಮತಿಯಲ್ಲಿ ಬಾಗಿಲು ಮುರಿದಿತ್ತು. ಒಬ್ಬ ನನ್ನ ಮೇಲೆ ಮಚ್ಚು ಬೀಸಿದ. ರುಹೀನಾ ಕುದಿಯುವ ಎಸರನ್ನು ಅವನ ಮುಖಕ್ಕೇ ಎರಚಿದಳು! ಬೀದಿಯ ಜನ ಓಡಿ ಬಂದರು. ಪುಂಡರು ಜೀಪು ಹತ್ತಿ ಪರಾರಿ.

ಅಜ್ಜ ನೆಲದ ಮೇಲಿದ್ದರು. ಗಂಟಲು ತುಳಿದಿದ್ದರು ಪಾಪಿಗಳು! ಉಸಿರಿತ್ತು, ದನಿ ಇರಲಿಲ್ಲ.

"ಆಸ್ಪತ್ರೆಗೆ ಹೋಗಾನ ಅಜ್ಜಾ."

ಬೇಡವೆಂದು ತಲೆಯಾಡಿಸಿದರು. ದಾವಣಗೆರೆ ದಿಕ್ಕಿಗೆ ಕೈ ತೋರಿಸಿದರು.

ಬೀದಿಯವರ ಕಾರಿನಲ್ಲಿ ಅಜ್ಜನ ಜೊತೆ ಕೋರ್ಟು ಮುಟ್ಟಿದಾಗ ನಮ್ಮ ಲಾಯರ್ ಸಂಧ್ಯಾರಾಣಿ ಗುಡುಗುತ್ತಿದ್ದರು.

"ಕಾಪಿರೈಟ್ ಇರೋದು ಹಾಡು ಕಟ್ಟಿದವರನ್ನ ಕಾಯೋಕೆ ಸ್ವಾಮಿ, ಸುದ್ದಿ ಹೇಳೋರ ಬಾಯಿ ಹೊಲಿಯೋಕಲ್ಲ! ವಾಕ್ ಸ್ವಾತಂತ್ರ್ಯ ಸಂವಿಧಾನ ಕೊಟ್ಟಿದ್ದು. ಲಾರಿಗೆ ತುಂಬ್ಕೊಂಡು ಹೋಗೋಕೆ ಅದೇನು ಮರಳಾ?"

"ಸರಿ... ಹಾಡು ಇವರದಲ್ಲ ಅನ್ನೋಕೆ ಸಾಕ್ಷಿ?" ಜಡ್ಜ್ ಕೇಳಿದರು.

ಅಜ್ಜ ಬಾಯಿ ತೆರೆದರು. ಬರೀ ಗಾಳಿ ಬಂತು. ಗುರುಬಸವರಾಜ್ ಮುಸಿಮುಸಿ ನಕ್ಕ.

ಆಗ ಅಜ್ಜ ಎದುರಿನ ಟೇಬಲ್ಲಿಗೆ ಬೆರಳು ತೋರಿಸಿದರು. ಪದ ತನ್ನದೆಂದು ತೋರಿಸಲು ಗುರುಬಸವರಾಜನೇ ಸ್ಟುಡಿಯೋದಲ್ಲಿ ಹಾಡಿಸಿ ಕೋರ್ಟಿಗೆ ಕೊಟ್ಟಿದ್ದ ರೆಕಾರ್ಡಿಂಗ್ ಅಲ್ಲಿತ್ತು. ಹಾಕಿ, ಕೊನೇತನಕ ಹಾಕಿ ಅಂತ ಸನ್ನೆ ಮಾಡಿದರು.

ಮೊಹರಂ ಪದ ಹಾಡುವವರಲ್ಲಿ ಒಂದು ರಿವಾಜು. ಕೊನೇ ನುಡಿಯಲ್ಲಿ ಪದ ಕಟ್ಟಿದವರ ಊರು, ಹೆಸರು ಹೇಳಲೇಬೇಕು. ಬಿಟ್ಟರೆ ಗುರುದ್ರೋಹ. ಸ್ಟುಡಿಯೋಕ್ಕೆ ಕರೆಸಿದ್ದ ಹಾಡುಗಾರರು ಅವನ ಕೂಲಿ ತಗೊಂಡಿದ್ದರು, ರಿವಾಜು ಮಾತ್ರ ಬಿಟ್ಟಿರಲಿಲ್ಲ!

ಸ್ಪೀಕರಿನಿಂದ ಬಂತು... "ಬಿಳಿಚೋಡು ನಮ್ಮೂರು, ಬಡೇಸಾಬ ಕಟ್ಟಿದ ಪದವಣ್ಣಾ..."

ಅಜ್ಜನ ಕಣ್ಣಲ್ಲಿ ನೀರು.

ವಿಡಿಯೋ ವಾಪಸ್ ಹಾಕಲು ಜಡ್ಜ್ ಆದೇಶ ಕೊಟ್ಟರು. ನುಜಹತ್ ಅಜ್ಜನ ಕೈ ಹಿಡಿದು ಬಿಕ್ಕಿದಳು. ಅಜ್ಜನ ಮೇಲಿನ ಹಲ್ಲೆಗೆ ನಾನು ಕೊಟ್ಟ ದೂರಿನ ಮೇಲೆ ಪೊಲೀಸರು ಗುರುಬಸವರಾಜನ ರಟ್ಟೆ ಹಿಡಿದರು.

"ಕೊನೇಗೆ ಹಿಂಗೆ ಹಾಡ್ಯಾರೆ ಅಂತ ನಂಗೆ ಹೆಂಗೆ ಗೊತ್ತಾಗ್ಬೇಕು?" ಅಂತ ಅರಚಿದ.

"ನಿಮ್ ಸ್ವಂತ ಹಾಡಲ್ವಾ ರೀ!" ಅಂದೆ ನಾನು. "ಒಂದ್ಸಲನಾದ್ರೂ ಪೂರ್ತಿ ಕೇಳಾಕೆ ಏನಾಗಿತ್ತು?"