ಹರಕೆಯ ಗಡ್ಡ

ದಾಸಮ್ಮನ ಚೀಲದಲ್ಲಿದ್ದ ಚಿನ್ನದ ಸರ ಕಾಣೆಯಾಗಿತ್ತು.

1978ರ ಮಾತು. ಕೊರಟಗೆರೆಯಾಚೆ ಕಾಡುಗುಡ್ಡಗಳ ನಡುವೆ ಕಟ್ಟಿದ ಜಲಾಶಯವನ್ನು ತೋರಿಸಲು, ಮಧುಗಿರಿಯ ದಾಸಮ್ಮ ತನ್ನ ಹೊಸ ಬೀಗಿತ್ತಿ ನರಸಮ್ಮನನ್ನು ಬಾಡಿಗೆ ಜೀಪಿನಲ್ಲಿ ಕರೆತಂದಿದ್ದಳು. ನರಸಮ್ಮ ಪಾವಗಡದ ಗಡಿಯವಳು. ಸರ ನೀರಿಗೆ ಬಿದ್ದೀತೆಂದು ದಾಸಮ್ಮ ಅದನ್ನು ಬಿಚ್ಚಿ ಚೀಲಕ್ಕೆ ಹಾಕಿ, ಚೀಲವನ್ನು ದಡದಲ್ಲಿಟ್ಟಳು. ಇಬ್ಬರೂ ಹರಿಗೋಲು ಹತ್ತಿದರು. ಮರಳಿ ಬಂದಾಗ ಚೀಲವಿತ್ತು, ಸರವಿರಲಿಲ್ಲ.

ದಫೇದಾರ ಓಬಳಯ್ಯ ಬರುವಷ್ಟರಲ್ಲಿ ಕಳ್ಳನೂ ಸಿಕ್ಕಿಬಿದ್ದಿದ್ದ. ಗೌಡಗೆರೆ ಕಡೆಯ ಕುರಿಗಾಹಿ ಕ್ಯಾತಪ್ಪ. ಎದೆಯುದ್ದ ಗಡ್ಡ. ಕಾನ್ಸ್‌ಟೇಬಲ್ ಅವನ ಕೈಗೆ ಹಗ್ಗ ಬಿಗಿದಿದ್ದ.

“ಗುಡ್ಡದ ಮ್ಯಾಲೆ ಕುರಿ ಮೇಯಿಸ್ತಿದ್ದೆ ಸ್ವಾಮಿ. ಜುಂಜಪ್ಪನಾಣೆ, ನಾ ಮುಟ್ಟಿಲ್ಲ. ಈ ಗಡ್ಡ ಅವನ ಹರಕೆದು. ಕಳ್ಳ ಅನ್ನಿಸ್ಕಂಡು ಹಟ್ಟಿಗೆ ಹೆಂಗೆ ಹೋಗ್ಲಿ?”

“ಹರಕೆ ಗಡ್ಡ ಬುಟ್ಕಂಡು ಕದೀತೀಯೇನ್ಲಾ?” ದಾಸಮ್ಮ ರೇಗಿದಳು. “ಗಡ್ಡದೋನೇ ತಗಂಡ ಅಂತ ನಮ್ಮ ಬೀಗಿತ್ತಿ ಹೇಳವ್ರೆ.”

ಜೀಪಿನ ಡ್ರೈವರ್ ನಾಗಲಿಂಗಯ್ಯನೂ ದನಿಗೂಡಿಸಿದ. “ನಾನು ಸೌದೆ ತರಕ್ಕೆ ಕಾಡೊಳಕ್ಕೋಗಿದ್ದೆ ಸಾರ್. ಇಲ್ದಿದ್ರೆ ಇವನ ಕೈ ಮುರೀತಿದ್ದೆ.”

* * *

ಓಬಳಯ್ಯ ನರಸಮ್ಮನ ಎದುರು ಕುಳಿತ. “ಹರಿಗೋಲಿನಿಂದ ಏನು ಕಂಡ್ರಿ, ನಿಮ್ಮ ಬಾಯಲ್ಲೇ ಹೇಳ್ರಮ್ಮ.”

“ಗಡ್ಡಕಾಡ ಉನ್ನೋಡೇ ತೀಸ್ನಾಡಯ್ಯಾ.”

“ಗಡ್ಡ! ಕೇಳುಸ್ತಾ ಸಾರ್?” ಎಂದ ಕಾನ್ಸ್‌ಟೇಬಲ್.

ಓಬಳಯ್ಯನ ಹೆಂಡತಿಯೂ ಪಾವಗಡದ ಕಡೆಯವಳೇ. ತೀರಿಹೋಗಿ ವರ್ಷವಾಗಿತ್ತು. ‘ಗಡ್ಡ’ ಎಂಬ ಆ ಮಾತನ್ನು ಅವಳ ಬಾಯಲ್ಲಿ ಎಷ್ಟೋ ಸಲ ಕೇಳಿದ್ದ.

“ಮುಖ ಕಂಡಿತಾ ಅಮ್ಮ?”

ಮುದುಕಿ ಇಲ್ಲವೆಂದು ತಲೆಯಾಡಿಸಿದಳು. ಅಷ್ಟು ದೂರಕ್ಕೆ ಅವಳ ಕಣ್ಣು ಸಾಗದು.

“ದಾಸಮ್ಮನೋರೇ, ನೀವು ಹರಿಗೋಲು ಹತ್ತುವಾಗ ದಡದಲ್ಲಿ ಯಾರಿದ್ರು?”

“ನಮ್ಮ ಡ್ರೈವರೊಬ್ನೇ.”

ಓಬಳಯ್ಯ ಅತ್ತ ತಿರುಗಿದ. “ಸೌದೆಗೆ ಹೋಗಿದ್ದೆ ಅಂದ್ಯಲ್ಲ ನಾಗಲಿಂಗಯ್ಯ. ಸೌದೆ ಎಲ್ಲಪ್ಪ?”

ಸುತ್ತ ಒಂದು ಕಡ್ಡಿಯೂ ಇರಲಿಲ್ಲ. ಡ್ರೈವರ್ ಜೀಪಿಗೆ ಅಡ್ಡ ನಿಂತ. ಕಾನ್ಸ್‌ಟೇಬಲ್ ಜೀಪು ತಡಕಾಡಿದ. ಗ್ರೀಸ್ ಡಬ್ಬಿಯ ತಳದಿಂದ ಸರ ಮೇಲೆ ಬಂತು.

* * *

“ಅವರ ತೆಲುಗಿನಲ್ಲಿ ಗಡ್ಡ ಅಂದ್ರೆ ದಡ,” ಎಂದ ಓಬಳಯ್ಯ. “ದಡದಲ್ಲಿದ್ದವನು ತೆಗೆದ ಅಂತ ಆಯಮ್ಮ ಹೇಳಿದ್ದು. ನಾನು ಈಜಲು ಇಳಿದಾಗೆಲ್ಲ, ಗಡ್ಡಕ್ಕೆ ಬಾ ಅಂತ ನನ್ನ ಹೆಂಡ್ತಿ ಕೂಗ್ತಿದ್ಲು. ನಾನು ಗಲ್ಲ ಸವರಿಕೊಂಡು ಅವಳನ್ನು ನಗಿಸ್ತಿದ್ದೆ.”

ತಾನೇ ಬಗ್ಗಿ ಕ್ಯಾತಪ್ಪನ ಕೈಯ ಹಗ್ಗ ಬಿಚ್ಚಿದ. ದೇವರು ದೊಡ್ಡವನು ಎಂದುಕೊಂಡ.

ದಾಸಮ್ಮ ಗ್ರೀಸು ಮೆತ್ತಿದ ಸರ ಹಿಡಿದುಕೊಂಡೇ ಕೈಮುಗಿದಳು. “ತಪ್ಪಾಯ್ತು ಕಣಪ್ಪ. ಹಟ್ಟಿಗೆ ನಾನೇ ಬಂದು, ನೀನು ಕಳ್ಳ ಅಲ್ಲ ಅಂತ ಎಲ್ರ ಮುಂದೆ ಹೇಳ್ತೀನಿ.”

ಕ್ಯಾತಪ್ಪ ಮಣಿಕಟ್ಟು ತಿಕ್ಕಿಕೊಂಡು, ಗಡ್ಡ ನೀವಿಕೊಂಡ. “ಬನ್ನಿ ತಾಯಿ, ಊಟ ಮಾಡ್ಕಂಡೇ ಹೋಗೀರಂತೆ. ನಿಮ್ ಬೀಗಿತ್ತೀನೂ ಕರ್ಕಂಬನ್ನಿ. ಮಾತು ಮಾತ್ರ ಆಡಿಸಬ್ಯಾಡಿ!”