ಗೋದಾಮಿಗೆ ಹೋದ ಸಕ್ಕರೆ ಗೊಂಬೆ

ಮೊದಲ ದಿನವೇ ಮಾರ್ಥಾ ನನ್ನ ಕೈಯೊಳಗಿನ ಕತ್ತರಿ ಕಸಿದುಕೊಂಡಳು. ಹತ್ತು ವರ್ಷದಿಂದ ಹಾನಗಲ್ಲಿನ ಪೇಟೆಯಲ್ಲಿ ಹೊಲಿಗೆ ಮಶೀನು ತುಳಿಯುತ್ತಿದ್ದೆ. ಒಬ್ಬ ಗಿರಾಕಿಯೂ ನನ್ನ ಕತ್ತರಿ ಮುಟ್ಟಿದ್ದಿಲ್ಲ. ಟೇಲರ್ ಗೋಣೆಪ್ಪನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆಂದು ಊರೆಲ್ಲ ಬಲ್ಲದು. ಆ ಹುಡುಗಿಗೆ ಮಾತ್ರ ಯಾರೂ ಹೇಳಿರಲಿಲ್ಲ.

ಅದು ಅರವತ್ತಾರನೇ ಇಸವಿ. ಟಿಬೆಟ್ ಬಿಟ್ಟು ಓಡಿಬಂದ ಕ್ರಿಸ್ತಾನ ಕುಟುಂಬವೊಂದು ನಮ್ಮೂರ ಕೆರೆಯ ಬದಿಯ ಹಳೆಯ ಭತ್ತದ ಗೋದಾಮನ್ನು ಬಾಡಿಗೆಗೆ ಹಿಡಿದಿತ್ತು. ತಾಶಿ ಅಜ್ಜ, ಅವರ ಹೆಂಡತಿ, ಮಗಳು ಮಾರ್ಥಾ. ಅಜ್ಜ ತಮ್ಮ ಊರಿನ ಮಿಶನ್ ಆಸ್ಪತ್ರೆಯಲ್ಲಿ ಕಂಪೌಂಡರ್ ಆಗಿದ್ದರಂತೆ. ಹಿಮದ ದಾರಿಯಲ್ಲಿ ತಾಯಿತಂದೆಯನ್ನು ಕಳೆದುಕೊಂಡ ಮೂವತ್ತೆಂಟು ಮಕ್ಕಳನ್ನು ಆ ಮೂವರೇ ಸಾಕುತ್ತಿದ್ದರು. ಮುಂಡಗೋಡದ ಕಾಡಿನಲ್ಲಿ ಟಿಬೆಟಿನವರಿಗೆಂದು ಸರ್ಕಾರ ಜಾಗ ಕೊಟ್ಟಿತ್ತು. ಅಲ್ಲಿ ಮನೆಗಳು ಏಳುವ ತನಕ ಮಕ್ಕಳಿಗೆ ನಮ್ಮ ಗೋದಾಮೇ ಗತಿ.

ಅವರಿಗೆ ಪರದೇಶದಿಂದ ದಾನದ ಬಟ್ಟೆ ಬರುತ್ತಿತ್ತು. ಎಲ್ಲ ದಪ್ಪ ದಪ್ಪ ಉಣ್ಣೆಯ ಕೋಟು. ಶಿಗ್ಗಾವಿಯಲ್ಲಿ ಲಾರಿಯಿಂದ ಇಳಿದ ಗಂಟುಗಳು ಚಕ್ಕಡಿಯಲ್ಲಿ ನನ್ನ ಅಂಗಡಿಗೆ ಬರುತ್ತಿದ್ದವು. ಅವನ್ನು ಕತ್ತರಿಸಿ ಮಕ್ಕಳಿಗೆ ಚಡ್ಡಿ, ಲಂಗ ಹೊಲಿಯುವುದು ನನ್ನ ಕೆಲಸ. ಮೊದಲ ಕೋಟಿಗೆ ಕತ್ತರಿ ಇಡುವಷ್ಟರಲ್ಲಿ ಮಾರ್ಥಾ ಕಸಿದುಕೊಂಡಳು. ಆಗ ಅವಳಿಗೆ ಕನ್ನಡ ಬರುತ್ತಿರಲಿಲ್ಲ. ಹೊಲಿಗೆಯನ್ನು ಉಗುರಿನಿಂದ ಬಿಚ್ಚಿ ತೋರಿಸಿದಳು, ಆಮೇಲೆ ಜೊತೆಗಿದ್ದ ಮಗುವಿನ ತಲೆಯ ಮೇಲೆ ಒಂದು ಗೇಣು ಎತ್ತರಕ್ಕೆ ಕೈ ಹಿಡಿದಳು. ಕತ್ತರಿಸಬೇಡ, ಬಿಚ್ಚು, ಬಟ್ಟೆ ಒಳಗೆ ಮಡಚಿಡು, ಮುಂದಿನ ವರ್ಷ ಮಗು ಇಷ್ಟು ಬೆಳೆದಿರುತ್ತದೆ. ಅವಳು ಹೇಳಿದ್ದು ಖರೇ ಇತ್ತು. ಅದಕ್ಕೇ ಇನ್ನಷ್ಟು ಸಿಟ್ಟು ಬಂತು.

ಅಂದಿನಿಂದ ದಿನಾ ಮಧ್ಯಾಹ್ನ ಬಂದು ಎದುರಿಗೆ ಚಾಪೆಯ ಮೇಲೆ ಕೂತು ಬ್ಲೇಡಿನಿಂದ ಹೊಲಿಗೆ ಬಿಚ್ಚುತ್ತಿದ್ದಳು. ನನ್ನ ಅಂಗಡಿಯ ಕಟ್ಟೆಯ ಮೇಲೆ ಸವಣೂರಿನ ವೀಳ್ಯದೆಲೆ ಮಾರುವ ಖತೀಜಾಬಿ ಅವಳಿಗೆ ಕನ್ನಡ ಕಲಿಸಿದಳು. ಉಳಿದದ್ದನ್ನು ನನ್ನ ಬೈಗುಳದಿಂದ ಕಲಿತಳು. ಮಾರ್ಥಾ ನಕ್ಕರೆ ಕಣ್ಣು ಪೂರಾ ಮುಚ್ಚಿಹೋಗುತ್ತಿದ್ದವು, ಕೆನ್ನೆ ಮಾತ್ರ ಉಳಿಯುತ್ತಿತ್ತು. ಅದನ್ನು ನೋಡಲೆಂದೇ ನಾನು ಏನಾದರೂ ಹುಚ್ಚು ಮಾತಾಡುತ್ತಿದ್ದೆ.

"ನಿಮ್ಮ ಹೊಲಿಗಿ ಸೊಟ್ಟ ಹೊಂಟೈತಿ, ಮಾಸ್ತರ," ಎಂದಳು ಒಂದು ದಿನ.

"ಮಶೀನು ಹಳೇದೈತಿ."

"ಮಶೀನು ಮುಂದ ನೋಡಾಕತ್ತೈತಿ. ಮಾಸ್ತರ ಎಲ್ಲಿ ನೋಡಾಕತ್ತಾರ?"

ಖತೀಜಾಬಿ ಕಟ್ಟೆಯ ಮೇಲೆ ಕೆಮ್ಮಿದಳು. ನಾನು ಬಗ್ಗಿ ಬಾಬಿನ್ ಹುಡುಕುವವನಂತೆ ಮಾಡಿದೆ. ಬಾಬಿನ್ ಮಶೀನಿನಲ್ಲೇ ಇತ್ತು.

ಇಡೀ ವರ್ಷ ಹೀಗೇ ಹೋಯಿತು. ಗಿರಾಕಿಗಳ ಮೇಲೆ ಹರಿಹಾಯುವ ಬಾಯಿಗೆ ಅವಳ ಮೇಲೆ ಮನಸ್ಸಾಗಿದೆ ಎಂಬ ಒಂದು ಮಾತು ಮಾತ್ರ ಬರಲಿಲ್ಲ. ನಮ್ಮದು ಒಕ್ಕಲುತನದ ಮನೆ, ಕೊರಳಲ್ಲಿ ಲಿಂಗ. ಅವರದು ಏಸುವಿನ ಪ್ರಾರ್ಥನೆ. ಏನೆಂದು ಹೇಳಲಿ, ಯಾರಿಗೆ ಹೇಳಲಿ?

ಮುಂದಿನ ವರ್ಷದ ಕಾರ್ತಿಕದಲ್ಲಿ ಸುದ್ದಿ ಬಂತು. ಮುಂಡಗೋಡದಲ್ಲಿ ಮನೆಗಳು ಎದ್ದಿವೆ, ಹುಣ್ಣಿಮೆ ಕಳೆದ ಗುರುವಾರ ಲಾರಿ ಬರುತ್ತದೆ, ಎಲ್ಲರೂ ಹೊರಡುತ್ತಾರೆ. ಮಾರ್ಥಾ ಇದನ್ನು ಹೇಳಿ ನನ್ನ ಮುಖ ನೋಡಿದಳು. ನಾನು ಹೌದಾ ಎಂದೆ. ಅವಳು ತಲೆ ತಗ್ಗಿಸಿ ಮತ್ತೆ ಹೊಲಿಗೆ ಬಿಚ್ಚತೊಡಗಿದಳು. ಆಮೇಲೆ ನನಗೆ ಕೂತಲ್ಲಿ ಕೂಡಲಾಗದು, ನಿಂತಲ್ಲಿ ನಿಲ್ಲಲಾಗದು. ಶಾನುಭೋಗರ ಅಂಗಿಗೆ ಕಾಲರ್ ತಿರುವುಮುರುವು ಹಚ್ಚಿದೆ. ಸಂಕಟ ತಡೆಯಲಾರದೆ ಹುಣ್ಣಿಮೆಯ ದಿನ ಅರಿವೆ ತರುವ ನೆಪ ಮಾಡಿಕೊಂಡು ಹಿರೇಕೆರೂರಿನ ಬಸ್ಸು ಹತ್ತಿದೆ.

ನಾನು ಊರಲ್ಲಿ ಇಲ್ಲದ ಆ ಒಂದು ದಿನದಲ್ಲೇ ಎಲ್ಲ ನಡೆದುಹೋಯಿತು.

ಗೌರಿ ಹುಣ್ಣಿಮೆಗೆ ನಮ್ಮ ಕಡೆ ಸಕ್ಕರೆ ಪಾಕ ಮಾಡಿ, ಕಟ್ಟಿಗೆಯ ಅಚ್ಚಿನಲ್ಲಿ ಹೊಯ್ದು ಗೊಂಬೆ ತೆಗೆಯುತ್ತಾರೆ. ಹೆಣ್ಣುಮಕ್ಕಳು ಅದನ್ನಿಟ್ಟು ಗೌರಿಗೆ ಆರತಿ ಬೆಳಗುತ್ತಾರೆ. ಮದುವೆ ಗೊತ್ತಾದ ಹುಡುಗಿಗಾದರೆ ಗಂಡಿನ ಮನೆಯವರೇ ಸಕ್ಕರೆ ಗೊಂಬೆ, ಹೂವಿನ ದಂಡೆ ತಂದು ಉಡಿ ತುಂಬುತ್ತಾರೆ. ನಮ್ಮವ್ವ ಸಾವಂತ್ರವ್ವ ಅಂದು ಬುಟ್ಟಿ ತುಂಬ ಆನೆ, ಕುದುರೆ, ನವಿಲು ತೆಗೆದಳು. ತಾಯಿಯಿಲ್ಲದ ಮೂವತ್ತೆಂಟು ಮಕ್ಕಳಿಗೆ ಯಾರು ಕೊಟ್ಟಾರು ಎಂದು ಬುಟ್ಟಿ ಹೊತ್ತು ಗೋದಾಮಿಗೆ ನಡೆದಳು. ಹಬ್ಬದ ದಿನ ಮಾರ್ಥಾಳ ತಲೆ ಬರಿದಾಗಿದ್ದದ್ದು ನೋಡಿ ಕರುಳು ಚುರುಕ್ ಎಂದಿರಬೇಕು. ಸೇವಂತಿಗೆ ದಂಡೆ ಮುಡಿಸಿ, ಹಸಿರು ಕುಪ್ಪಸದ ಖಣ, ಅಕ್ಕಿ ಹಾಕಿ ಉಡಿ ತುಂಬಿ ಬಂದಳು. ಅವಳ ಮನಸ್ಸಿನಲ್ಲಿ ಬೇರೆ ಏನೂ ಇರಲಿಲ್ಲ.

ಅವ್ವ ಹೋದ ಮೇಲೆ ತಾಶಿ ಅಜ್ಜ ಇದೆಲ್ಲ ಏನೆಂದು ಖತೀಜಾಬಿಯನ್ನು ಕೇಳಿದರು. ಅವಳು ನಲವತ್ತು ವರ್ಷ ಕಂಡದ್ದನ್ನೇ ಹೇಳಿದಳು: ಗಂಡಿನ ಮನೆಯವರು ಹೆಣ್ಣಿಗೆ ಹೀಗೆ ತರುತ್ತಾರೆ. ಟಿಬೆಟಿನಲ್ಲೂ ಗಂಡಿನವರು ಮೊದಲು ಉಡುಗೊರೆ ತರುತ್ತಾರಂತೆ. ಒಲ್ಲೆವೆಂದರೆ ಮುಟ್ಟದೆ ತಿರುಗಿ ಕಳಿಸಬೇಕು. ತಿಂದರೆ ಒಪ್ಪಿದಂತೆ. ಅಷ್ಟು ಹೊತ್ತಿಗೆ ಮೂವತ್ತೆಂಟು ಮಕ್ಕಳು ಆನೆಯನ್ನೂ ಬಿಟ್ಟಿರಲಿಲ್ಲ, ಕುದುರೆಯನ್ನೂ ಬಿಟ್ಟಿರಲಿಲ್ಲ.

ಮರುದಿನ ಬೆಳಿಗ್ಗೆ ನಾನು ಪಡಸಾಲೆಯಲ್ಲಿ ಚಹಾ ಕುಡಿಯುತ್ತಿದ್ದೆ. ಅಜ್ಜ ಇಸ್ತ್ರಿ ಮಾಡಿದ ಕೋಟು ತೊಟ್ಟು, ಹೆಂಡತಿಯೊಡನೆ ಬಂದರು. ಏಸುವನ್ನು ನಂಬಿದರೂ ಅವರು ತಮ್ಮ ದೇಶದ ರಿವಾಜು ಬಿಟ್ಟಿರಲಿಲ್ಲ. ಎರಡೂ ಕೈಯಲ್ಲಿ ಹಿಡಿದಿದ್ದ ಬಿಳಿ ರೇಷ್ಮೆ ವಸ್ತ್ರವನ್ನು ಅವ್ವನ ಕೊರಳಿಗೆ ಹಾಕಿ ಬಗ್ಗಿದರು.

"ಮಕ್ಕಳು ತಿಂದಾರ್ರಿ. ಮಗಳನ್ನ ಕೇಳಿದೆ. ಮದಿವಿಗೆ ಹೂಂ ಅಂದ್ಲು," ಎಂದರು.

ಹೂಂ ಅಂದಳೇ? ಒಂದು ವರ್ಷ ನಾನು ಕೇಳಲು ಹೆದರಿದ ಮಾತಿಗೆ, ನಾನು ಕೇಳದೆಯೇ ಹೂಂ ಅಂದಳೇ?

ಅವ್ವ ಮಾತ್ರ ಗಾಬರಿಯಾಗಿದ್ದಳು. ತಾನು ಮಗಳೆಂದು ಉಡಿ ತುಂಬಿದ್ದು, ಬೇರೆ ಅರ್ಥ ಇಲ್ಲ, ತಪ್ಪು ತಿಳಿಯಬೇಡಿ ಎಂದು ತಡವರಿಸಿದಳು. ಅಜ್ಜನ ಮುಖ ಇಳಿದುಹೋಯಿತು. ಕ್ಷಮಿಸ್ರಿ, ಕ್ಷಮಿಸ್ರಿ ಎನ್ನುತ್ತ ಹೆಂಡತಿಯ ಕೈ ಹಿಡಿದು ಬಾಗಿಲಿಗೆ ತಿರುಗಿದರು. ಅವರು ಹೊಸ್ತಿಲು ದಾಟಿದರೆ ಮುಗಿಯಿತು. ಗುರುವಾರದ ಲಾರಿಯಲ್ಲಿ ನನ್ನ ಬದುಕೂ ಹೋದಂತೆಯೇ.

"ಅಜ್ಜಾರ, ನಿಂದರ್ರಿ," ಎಂದೆ. "ಅವ್ವ ತಿಳೀದ ತಂದಾಳ. ನಾನ ತಿಳದು ಕಳಸಬೇಕಾಗಿತ್ತು. ನನಗ ಧೈರ್ಯ ಆಗಲಿಲ್ಲ."

ಅವ್ವ ನನ್ನನ್ನೇ ನೋಡಿದಳು. ಎಷ್ಟು ದಿನದಿಂದ ಎಂದು ಕೇಳಿದಳು, ವರ್ಷದಿಂದ ಎಂದೆ. ಆಮೇಲೆ ಅವಳು ಬಾಯಿ ಬಿಟ್ಟಳು. ಕುಲ, ದೈವ, ಬೀಗರು, ನನ್ನ ಅಣ್ಣನ ಹೆಣ್ಣುಮಕ್ಕಳ ಮದುವೆ, ಒಂದನ್ನೂ ಬಿಡಲಿಲ್ಲ. ನಾನು ಕೇಳುತ್ತ ನಿಲ್ಲಲಿಲ್ಲ. ಕಾಲಲ್ಲಿ ಚಪ್ಪಲಿಯೂ ಇಲ್ಲದೆ ಗೋದಾಮಿಗೆ ಓಡಿದೆ.

ಮಾರ್ಥಾ ಹಾಸಿಗೆ ಸುತ್ತುತ್ತಿದ್ದಳು. ನನ್ನ ಮುಖ ನೋಡಿಯೇ ಅವಳಿಗೆ ತಿಳಿಯಿತು.

"ನೀವು ಕಳಿಸಿದ್ದಲ್ಲ," ಎಂದಳು.

ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. ಅವ್ವ ಮಕ್ಕಳ ಮೇಲಿನ ಅಂತಃಕರಣದಿಂದ ತಂದದ್ದು, ನನಗೆ ಸುದ್ದಿಯೇ ಇರಲಿಲ್ಲ ಎಂದೆ. ಅವಳ ಕಿವಿ ಕೆಂಪಾದವು. ಹಗ್ಗ ಬಿಗಿದು ಗಂಟು ಹಾಕಿದಳು, ಬಿಚ್ಚಿದಳು, ಮತ್ತೆ ಹಾಕಿದಳು.

"ಹಂಗಾರ ನಾ ನಿಮ್ಮವ್ವಗ ಹೂಂ ಅಂದೇನಿ. ನೀವು ಇನ್ನೂ ಕೇಳೇ ಇಲ್ಲ."

"ಈಗ ಕೇಳಾಕತ್ತೇನಿ. ನೀ ಇಲ್ಲದ ನನಗ ಆಗೂದಿಲ್ಲ, ಮಾರ್ಥಾ. ನನ್ನ ಮದಿವಿ ಆಗ್ತೀಯೇನು?"

ಮೊದಲ ಸಲ ನೀನು ಎಂದಿದ್ದೆ. ಅವಳ ಕಣ್ಣು ತುಂಬಿದವು. ಆದರೆ ತಲೆ ಅಲ್ಲಾಡಿಸಿದಳು.

"ಮದಿವಿ ಆದ್ರ ನಾ ನಿಮ್ಮ ಮನ್ಯಾಗ ಇರಬೇಕು. ಇಲ್ಲಿ ಉಳಿದ್ರ ಈ ಮಕ್ಕಳು ಮತ್ತೊಮ್ಮಿ ಅವ್ವನ್ನ ಕಳಕೋತಾವ. ಅದು ನನ್ನ ಕೈಲೆ ಆಗೂದಿಲ್ರಿ."

ಒಂದು ಪುಟ್ಟ ಹುಡುಗಿ ಅವಳ ಲಂಗ ಹಿಡಿದು ನಿಂತು ನನ್ನನ್ನು ಕಳ್ಳನನ್ನು ನೋಡುವಂತೆ ನೋಡುತ್ತಿತ್ತು. ನಮ್ಮ ಕಡೆ ಮನೆ ಅಳಿಯನೆಂದರೆ ನಾಯಿಗಿಂತ ಕಡೆ. ಪೇಟೆಯವರು ಏನೆಂದಾರು ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಅಂದುಕೊಳ್ಳಲಿ ಎನಿಸಿತು.

"ಲಾರ್‍ಯಾಗ ನನ್ನ ಮಶೀನಿಗೆ ಜಾಗಾ ಆಗ್ತೈತೇನು?" ಎಂದು ಕೇಳಿದೆ.

ಮಾರ್ಥಾ ಅತ್ತಳೋ ನಕ್ಕಳೋ ತಿಳಿಯಲಿಲ್ಲ, ಕಣ್ಣು ಪೂರಾ ಮುಚ್ಚಿದ್ದವು.

ಸಂಕ್ರಾಂತಿ ಕಳೆದ ಮೇಲೆ ಮದುವೆ, ಅಲ್ಲಿಯ ತನಕ ನಾನು ಗಂಡುಹುಡುಗರ ಕೋಣೆಯಲ್ಲಿ ಮಲಗುವುದು ಎಂದು ಅಜ್ಜ ನಿಶ್ಚಯ ಮಾಡಿದರು. ಅವ್ವ ಮೂರು ದಿನ ನನ್ನೊಡನೆ ಮಾತಾಡಲಿಲ್ಲ. ಗುರುವಾರ ಲಾರಿಯ ಹತ್ತಿರ ಬಂದಳು, ಆಗಲೂ ನನ್ನ ಕಡೆ ನೋಡದೆ ಅಜ್ಜನ ಮುಂದೆ ನಿಂತಳು.

"ಎಲ್ಲಾರೂ ಮಗಳನ್ನ ಕೊಡ್ತಾರ. ನಾ ಮಗನ್ನ ಕೊಡಾಕತ್ತೇನಿ. ಚಲೋತ್ನಂಗ ನೋಡ್ಕೋರಿ, ಬೀಗರ," ಎಂದಳು.

ಬೀಗರ ಎಂದದ್ದೇ ಸೆರಗಿನಿಂದ ಮುಖ ಮುಚ್ಚಿಕೊಂಡು ಹಿಂತಿರುಗಿದಳು. ಅವಳು ಪೇಟೆಯ ತಿರುವಿನಲ್ಲಿ ಮರೆಯಾಗುವ ತನಕ ನಾನು ನೋಡುತ್ತ ನಿಂತೆ. ಇಪ್ಪತ್ತೆಂಟು ವರ್ಷದ ಗಂಡಸು ಮಕ್ಕಳೆದುರು ಅತ್ತೆ.

ಲಾರಿ ಹೊರಟಿತು. ಮಕ್ಕಳು, ಪಾತ್ರೆ, ಹಾಸಿಗೆಗಳ ನಡುವೆ ಮಾರ್ಥಾ ನನ್ನ ಪಕ್ಕದಲ್ಲಿ ಕೂತಿದ್ದಳು. ಹೆದರಿಕೆ ಆಗುತ್ತಿದೆಯೇ ಎಂದು ಮೆಲ್ಲಗೆ ಕೇಳಿದಳು. ಬಹಳ ಎಂದೆ.

"ಊರು ಬಿಡೂದು ನನಗ ಬರ್ತೈತಿ," ಎಂದಳು. "ಎರಡು ಸಲ ಬಿಟ್ಟೇನಿ. ಒಂದ ಊರಾಗ ಇರೂದು ಬರೂದಿಲ್ಲ. ಅದನ್ನ ನೀವು ಕಲಸ್ರಿ."

ಕಲಿಸುತ್ತೇನೆ ಎಂದೆ, ಮತ್ತು ಎಲ್ಲ ಮಕ್ಕಳೂ ನೋಡುತ್ತಿರುವಂತೆಯೇ ಅವಳ ಕೈ ಹಿಡಿದುಕೊಂಡೆ.